ಕುಂದಾ, ಕೂದಲು ಮತ್ತು ಭಾರದ ಇಂಗಾಲ

ನಾನು ವಿಜ್ಞಾನದ ಮಾಸ್ತರ. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಆಮ್ಲಜನಕ, ಜಲಜನಕ ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವನು. ಆದ್ದರಿಂದ ಯಾವ ಯಂತ್ರದ ಹೆಸರು ಕೇಳಿದರೂ ನನಗೆ ಅಂಜಿಕೆಯಿಲ್ಲ. ಮನೆಯ ಮಿಕ್ಸರ್ ಕೆಟ್ಟಾಗ ಅದನ್ನು ಬಿಚ್ಚಿದವನು ನಾನೇ. ಅದು ಇವತ್ತಿಗೂ ಬಿಚ್ಚಿದಂತೆಯೇ ಇದೆ, ಆ ಮಾತು ಬೇರೆ.

ಇದು ತೊಂಬತ್ತರ ದಶಕ ಮುಗಿಯುತ್ತ ಬಂದಾಗಿನ ಸಂಗತಿ. ಅದಕ್ಕೆ ಎರಡು ವರ್ಷ ಮೊದಲು ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಡಾಕ್ಟರು ಚೀಟಿಯ ಮೇಲೆ ಮೂರೇ ಸಾಲು ಬರೆದರು. ಅನ್ನ ಬಂದ್. ಸಿಹಿ ಬಂದ್. ಜೋಳದ ರೊಟ್ಟಿ ಚಾಲೂ. ನನ್ನ ಹೆಂಡತಿ ನೀಲವ್ವ ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ, ದೇವರ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದಳು. ಆಕೆಗೆ ಅದು ನಗುವ ವಿಷಯವಾಗಿರಲಿಲ್ಲ. ಆಕೆಯ ಅಪ್ಪನಿಗೆ ಇದೇ ಕಾಯಿಲೆಯಿಂದ ಒಂದು ಕಾಲು ತೆಗೆದಿದ್ದರು.

“ನಮ್ಮಪ್ಪಂದು ನೋಡೇನ್ರಿ. ನಿಮ್ಮದೂ ನೋಡೂ ಹಂಗ ಮಾಡಬ್ಯಾಡ್ರಿ,” ಎಂದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಅಕ್ಕಿಯ ಡಬ್ಬಿ ಕಣ್ಣಿಗೆ ಬೀಳಲಿಲ್ಲ. ನೀಲವ್ವ ಕಿತ್ತೂರಿನ ಕಡೆಯವಳು. ಆ ಕಡೆ ಭತ್ತ ಬೆಳೆಯುತ್ತಾರೆ, ಅನ್ನ ಉಣ್ಣದಿದ್ದರೆ ಊಟವೇ ಆಗಿಲ್ಲ ಎನ್ನುವ ಜನ. ಆದರೂ ನನ್ನ ಸಂಗಡ ಆಕೆಯೂ ಎರಡು ಹೊತ್ತು ರೊಟ್ಟಿ ಉಂಡಳು. ನಾನೂ ದೇವರ ಮುಂದೆ ನಿಂತು, ಇನ್ನು ಮೇಲೆ ಸಿಹಿ ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಿದೆ. ಆ ಪ್ರಮಾಣವನ್ನು ಸೋಮವಾರದಿಂದ ಶುಕ್ರವಾರದವರೆಗೆ ಬಹಳ ಕಟ್ಟುನಿಟ್ಟಾಗಿ ಪಾಲಿಸಿದೆ.

ಶನಿವಾರ ಬೇರೆ. ಶನಿವಾರ ಮುಂಜಾನೆ ಶಾಲೆ, ಹನ್ನೊಂದೂವರೆಗೆ ಬಿಡುಗಡೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಿಠಾಯಿ ಅಂಗಡಿಯಿತ್ತು. ಅಲ್ಲಿ ಕುಂದಾ ಮಾಡುತ್ತಿದ್ದರು. ಹಾಲನ್ನು ಕೆಂಪಗಾಗುವ ತನಕ ಕಾಸಿ, ಸಕ್ಕರೆ ಹಾಕಿ, ಕೈ ನೋಯುವ ಹಾಗೆ ತಿರುವಿ ಮಾಡಿದ ಕುಂದಾ. ಅರ್ಧ ಅಲ್ಲೇ ನಿಂತು ತಿನ್ನುತ್ತಿದ್ದೆ. ಉಳಿದರ್ಧ ಕಾಗದದಲ್ಲಿ ಕಟ್ಟಿಸಿ, ಅಂಗಿಯ ಕಿಸೆಗೆ ಹಾಕಿ, ದಾರಿಯುದ್ದಕ್ಕೂ ಚೂರು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಓಣಿಯ ತಿರುವಿನಲ್ಲಿ ಕಾಗದ ಗಟಾರಕ್ಕೆ, ಬಾಯಿ ನಲ್ಲಿಗೆ. ಮನೆಗೆ ಬರುವಷ್ಟರಲ್ಲಿ ನನ್ನ ಮೈಮೇಲೆ ಸಾಕ್ಷಿ ಎಂಬುದು ಉಳಿದಿರುತ್ತಿರಲಿಲ್ಲ. ಹೀಗೆ ಎರಡು ವರ್ಷ ಸುಸೂತ್ರವಾಗಿ ನಡೆಯಿತು.

ಆಗ ಬಂದಳು ಸುನೀತಾ.

ಸುನೀತಾ ಧಾರವಾಡದ ನನ್ನ ಹಳೆಯ ಗೆಳೆಯನ ಮಗಳು. ದೂರದ ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಕಡೆಯ ಎರೆ ಭೂಮಿಯಲ್ಲಿ ಅಗೆಯುವುದಿದೆ, ಹದಿನೈದು ದಿನ ನಿಮ್ಮ ಮನೆಯಲ್ಲಿ ಇರುತ್ತೇನೆ ಎಂದು ಕಾಗದ ಬರೆದು ಬಂದಳು. ಬರುವಾಗ ಒಂದು ಕಬ್ಬಿಣದ ಟ್ರಂಕು ತಂದಳು. ಅದರಲ್ಲಿ ಸುತ್ತಿಗೆ, ಕತ್ತರಿ, ಬೆಳ್ಳಿ ಬಣ್ಣದ ತೆಳು ಹಾಳೆಯ ಸುರುಳಿ, ಔಷಧದ ಬಾಟಲಿಯಂಥ ಗಾಜಿನ ಬಾಟಲಿಗಳು. ಒಂದು ಡಬ್ಬಿಯಲ್ಲಿ ತವರದ ಬಟ್ಟಲುಗಳಿದ್ದವು. ಒಂದೊಂದರಲ್ಲಿ ನಾಲ್ಕು ಎಳ್ಳು ಹಾಕಿದರೆ ತುಂಬಬೇಕು, ಅಷ್ಟು ಸಣ್ಣವು. ನೀಲವ್ವ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, “ಇದರಾಗ ಯಾರಿಗೆ ಉಣ್ಣಾಕ ನೀಡತೀಯವಾ?” ಎಂದಳು.

“ಮಷೀನಿಗೆ, ಕಾಕು,” ಎಂದು ಸುನೀತಾ ನಕ್ಕಳು.

ಸಂಜೆ ಕಟ್ಟೆಯ ಮೇಲೆ ಕುಳಿತು ನಾನೇ ಕೇಳಿದೆ. ಆಕೆ ಚೆನ್ನಾಗಿ ಹೇಳುತ್ತಿದ್ದಳು.

“ಎರಿ ಮಣ್ಣಾಗ ಬೆಳ್ಳನ ಸುಣ್ಣದ ಹರಳು ಸಿಗತಾವಲ್ರಿ ಕಾಕಾ, ಬಾವಿ ತೋಡುಮುಂದ? ಅವು ಸಾವಿರಾರು ವರ್ಷದ ಹಿಂದಿನವು. ಆಗ ಮಳಿ ಎಂಥಾದಿತ್ತು, ನೆಲದ ಮ್ಯಾಲೆ ಎಂಥಾ ಗಿಡ ಇದ್ದವು ಅನ್ನೂದು ಅದರಾಗ ಕುಂತಿರತೈತಿ. ಇಂಗಾಲದಾಗ ಎರಡು ಇರತಾವು. ಒಂದು ಹಗುರ, ಒಂದು ಒಂಚೂರ ಭಾರ. ಯಾವುದು ಎಷ್ಟೈತಿ ಅಂತ ಎಣಿಸಿದ್ರ ಹಳೀ ಕಾಲದ ಸುದ್ದಿ ತಿಳೀತೈತಿ.”

“ಎಣಸೂದು ಹೆಂಗ?”

“ಚೂರ ಪುಡಿನ್ನ ಈ ಬಟ್ಟಲದಾಗ ಹಾಕಿ ಮಡಚಿ, ನಿಗಿನಿಗಿ ಕಾಯ್ದ ಒಲಿಯೊಳಗ ಒಗೀತೇವ್ರಿ. ಸುಟ್ಟು ಗಾಳಿ ಆಗತೈತಿ. ಆ ಗಾಳಿನ್ನ ಬಾಗಿದ ಕೊಳವಿಯೊಳಗ ಓಡಸತೇವಿ. ಅಲ್ಲೊಂದ ದೊಡ್ಡ ಅಯಸ್ಕಾಂತ ಇರತೈತಿ. ಹಗುರ ಇದ್ದದ್ದು ಲಗೂನ ಒಳಗ ಹೊಳ್ಳತೈತಿ. ಭಾರ ಇದ್ದದ್ದು ಹೊರಗ ಸರದ ಹೊಳ್ಳತೈತಿ. ಎರಡನ್ನೂ ಬ್ಯಾರೆ ಬ್ಯಾರೆ ಹಿಡೀತೇವಿ.”

ನನಗೆ ಥಟ್ಟನೆ ಹೊಳೆಯಿತು. ಹತ್ತಿ ತುಂಬಿದ ಎತ್ತಿನ ಚಕ್ಕಡಿ ತಿರುವಿನಲ್ಲಿ ಅಗಲಕ್ಕೆ ಹೊರಳುತ್ತದೆ, ಖಾಲಿ ಚಕ್ಕಡಿ ಒತ್ತಿ ಹೊರಳುತ್ತದೆ. ಇಷ್ಟೇ ತತ್ವ! ಮರುದಿನವೇ ಓಣಿಯ ಜನರನ್ನು ಸೇರಿಸಿ ಪ್ರಾತ್ಯಕ್ಷಿಕೆ ಕೊಟ್ಟೆ. ಮೊದಲು ಬರಿಗೈಯಲ್ಲಿ ಬೇವಿನ ಮರದ ಸುತ್ತ ಓಡಿದೆ. ಇದು ಹಗುರ ಇಂಗಾಲ. ಆಮೇಲೆ ಅರ್ಧ ಚೀಲ ಜೋಳ ಹೆಗಲ ಮೇಲೆ ಹೊತ್ತು ಓಡಿದೆ. ಭಾರದ ಇಂಗಾಲ ತಿರುವಿನಲ್ಲಿ ಹೊರಗೆ ಸರಿಯಿತು, ಇನ್ನೂ ಸರಿಯಿತು, ಎದುರು ಮನೆಯ ಕಟ್ಟೆಗೆ ಹಾಯ್ದು ಬಿದ್ದಿತು. ಜನ ಬಹಳ ಮೆಚ್ಚಿಕೊಂಡರು. ನೀಲವ್ವ ಮಾತ್ರ ಸಂಜೆಯವರೆಗೆ ಜೋಳ ಆರಿಸುತ್ತ ಕುಳಿತಳು.

ಸುನೀತಾ ಮುಂದಿನ ಪಾಠವನ್ನೂ ಹೇಳಿದಳು. ಭತ್ತ, ಗೋಧಿ ಹಗುರ ಇಂಗಾಲದ ಗುಂಪು. ಜೋಳ ಭಾರದ ಗುಂಪು. ಮನುಷ್ಯ ತಿಂದದ್ದು ಕೂದಲಿನಲ್ಲಿ ಹೋಗಿ ಕೂಡುತ್ತದೆ. ಆದ್ದರಿಂದ ಕೂದಲು ಸುಟ್ಟು ನೋಡಿದರೆ ಅನ್ನ ಉಂಡವರು ಯಾರು, ಜೋಳ ಉಂಡವರು ಯಾರು ಎಂದು ಯಂತ್ರ ಹೇಳುತ್ತದೆ.

“ಜೋಳ, ಸಜ್ಜಿ, ಗೊಂಜಾಳ, ಇವು ಮೂರೂ ಒಂದ ಗುಂಪು ನೋಡ್ರಿ ಕಾಕಾ. ಅದ ಗುಂಪಿನಾಗ ಈ ಕಡೆ ಭಾಳ ಬೆಳಿಯೂದು ಇನ್ನೂ ಒಂದ ಐತ್ರಿ…”

“ಗೊತ್ತೈತಿ ಬಿಡವಾ,” ಎಂದೆ.

ನನಗೆ ಗೊತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಮಂದಿಯ ಮಾತನ್ನು ಅರ್ಧಕ್ಕೇ ಕಡಿದು ರೂಢಿಯಾದವನು. ಆ ಒಂದು ಮಾತು ಮುಗಿಸಲು ಬಿಟ್ಟಿದ್ದರೆ ಇವತ್ತು ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸುನೀತಾಳಿಗೆ ಒಂದು ಕೊರತೆಯಿತ್ತು. ಹಳೆಯ ಹರಳಿನ ಸುದ್ದಿ ಓದಲು ಈಗಿನ ಕಾಲದ ಅಳತೆಗೋಲು ಬೇಕು. ಹತ್ತಿರದ ದೊಡವಾಡಕ್ಕೆ ಹೋಗಿ ಜೋಳದ ಗರಿ ತಂದಿದ್ದಳು. ಬರೀ ಜೋಳದ ಕಣಿಕಿ, ಅಂದರೆ ಒಣ ದಂಟು, ತಿನ್ನುವ ಒಂದು ಎಮ್ಮೆಯ ಬಾಲದ ಕೂದಲನ್ನೂ ತಂದಿದ್ದಳು. ಬರೀ ಜೋಳ ಉಂಡ ಮನುಷ್ಯ ಮಾತ್ರ ಸಿಕ್ಕಿರಲಿಲ್ಲ. ಎಲ್ಲರ ಮನೆಯಲ್ಲೂ ಒಂದಿಷ್ಟು ಅನ್ನ ಬಂದುಬಿಟ್ಟಿತ್ತು.

ಅಡುಗೆಮನೆಯಿಂದ ನೀಲವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಹುಡುಕೂದ್ಯಾಕವಾ? ಇಲ್ಲೇ ಕುಂತಾರಲ್ಲ ನಿಮ್ಮ ಕಾಕಾ. ಎರಡ ವರ್ಷಾತು. ಒಂದ ಅಗಳ ಅನ್ನ ಮುಟ್ಟಿಲ್ಲ. ಒಂದ ಹರಳ ಸಕ್ಕರಿ ಮುಟ್ಟಿಲ್ಲ.”

ಸಕ್ಕರೆ ಎನ್ನುವಾಗ ಆಕೆ ನನ್ನ ಕಡೆ ಸ್ವಲ್ಪ ಹೊತ್ತು ಹೆಚ್ಚಿಗೆ ನೋಡಿದಳು. ನಾನು ಅದನ್ನು ಅಭಿಮಾನ ಎಂದು ತಿಳಿದೆ.

“ಹೌದೇನ್ರಿ? ಹಂಗಾದ್ರ ಕಾಕಾನ ನನ್ನ ಅಳತಿಗೋಲು,” ಎಂದು ಸುನೀತಾ ಎದ್ದೇ ನಿಂತಳು. “ಇದೊಂದಕ್ಕ ನನ್ನ ಕೆಲಸ ನಿಂತಿತ್ರಿ.”

ಅಳತೆಗೋಲು! ದಿಲ್ಲಿಯಲ್ಲಿ ಕಿಲೋಗ್ರಾಮಿನ ಬಟ್ಟು ಗಾಜಿನ ಗಡಿಗೆಯಲ್ಲಿ ಇಟ್ಟಿರುತ್ತಾರೆ ಎಂದು ನಾನೇ ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಈಗ ಆ ಸ್ಥಾನ ನನಗೆ. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೆಡ್‌ಮಾಸ್ತರರು ಕೈ ಕುಲುಕಿದರು. ಎರಡು ದಿನದಲ್ಲಿ ನಮ್ಮ ಓಣಿಯವರಿಗೆಲ್ಲ ಮಾಸ್ತರರ ತಲೆ ದೊಡ್ಡ ಊರಿಗೆ ಹೊರಟಿದೆ ಎಂದು ಗೊತ್ತಾಯಿತು. ನೀಲವ್ವ ನಲ್ಲಿಯ ಕಟ್ಟೆಯ ಮೇಲೆ ನನ್ನ ಪಥ್ಯದ ಬಗ್ಗೆ ಹೇಳಿದ್ದನ್ನು ಕೇಳಿ ಇಬ್ಬರು ಹೆಣ್ಣುಮಕ್ಕಳು ತಮ್ಮ ಗಂಡಂದಿರಿಗೂ ರೊಟ್ಟಿ ಶುರು ಮಾಡಿದರಂತೆ. ಆ ಗಂಡಂದಿರು ನನ್ನನ್ನು ಕಂಡಾಗ ಮುಖ ತಿರುಗಿಸುತ್ತಿದ್ದರು.

ಮೂರನೆಯ ದಿನ ಊಟಕ್ಕೆ ಕುಳಿತಾಗ ಸುನೀತಾ ಒಂದು ಮಾತು ಸಹಜವಾಗಿ ಹೇಳಿದಳು.

“ಕೂದಲಾ ತಿಂಗಳಿಗೆ ಒಂದ ಸೆಂಟಿಮೀಟರ್ ಬೆಳೀತೈತ್ರಿ ಕಾಕು. ಬುಡದ್ದು ಈ ತಿಂಗಳಿಂದು, ತುದಿದು ಹಿಂದಿಂದು. ತುಂಡ ತುಂಡ ಮಾಡಿ ಮಷೀನಿಗೆ ಹಾಕಿದ್ರ, ಯಾವ ತಿಂಗಳದಾಗ ಏನ ತಿಂದಾರ ಅನ್ನೂದನ್ನ ಡೈರಿ ಓದಿದಂಗ ಓದಬಹುದು.”

“ಏನ ತಿಂದ್ರೂ ಗೊತ್ತಾಗತೈತೇನು?” ಎಂದು ಕೇಳಿದೆ.

“ಕೂದಲಾ ಸುಳ್ಳ ಹೇಳೂದಿಲ್ರಿ ಕಾಕಾ.”

ರೊಟ್ಟಿ ಗಂಟಲಲ್ಲಿ ಸಿಕ್ಕಿತು. ನೀಲವ್ವ ನೀರು ಕೊಟ್ಟು ಬೆನ್ನು ತಿಕ್ಕಿದಳು. ಆ ಕೈ ತಿಕ್ಕಿದಷ್ಟೂ ನನ್ನ ಎದೆ ಇಳಿಯಿತು. ಓಣಿಗೆಲ್ಲ ಅಭಿಮಾನದಿಂದ ಹೇಳಿಕೊಂಡು ಬಂದವಳು ಆಕೆ. ಅಪ್ಪನ ಕಾಲು ನೋಡಿದವಳು ಆಕೆ. ಆಕೆಯ ಮುಂದೆ ಒಂದು ಯಂತ್ರ ನನ್ನ ಶನಿವಾರಗಳನ್ನೆಲ್ಲ ಒಂದೊಂದಾಗಿ ಓದಿ ಹೇಳುವುದನ್ನು ನೆನೆದರೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆದರೆ ನಾನು ವಿಜ್ಞಾನದ ಮಾಸ್ತರ. ಸಮಸ್ಯೆಗೆ ವೈಜ್ಞಾನಿಕ ಉಪಾಯ ಹುಡುಕಿದೆ. ನನ್ನ ಕೂದಲು ಐದಾರು ಸೆಂಟಿಮೀಟರ್ ಉದ್ದವಿತ್ತು. ಅಂದರೆ ಆರು ತಿಂಗಳ ಡೈರಿ. ಕತ್ತರಿಸಿಬಿಟ್ಟರೆ ಡೈರಿಯೇ ಇಲ್ಲ! ಕ್ಷೌರದ ಅಂಗಡಿಗೆ ಹೋಗಿ ಕುಳಿತೆ.

“ಎಷ್ಟ ಇಡ್ಲಿರಿ ಮಾಸ್ತರ?”

“ಒಂದ ಸೆಂಟಿಮೀಟರ್.”

ಆತ ಕೈಯಲ್ಲಿ ಕತ್ತರಿ ಹಿಡಿದು ನನ್ನನ್ನೇ ನೋಡಿದ. “ಸೆಂಟಿಮೀಟರ್ ಲೆಕ್ಕದಾಗ ಯಾರೂ ಮಾಡಿಸಿಲ್ರಿ ಈ ತನಕ,” ಎಂದು ಗೊಣಗಿ ಶುರು ಮಾಡಿದ.

ಕೆಲಸ ಮುಗಿದು, ತಲೆ ತಣ್ಣಗಾಗಿ, ಮನೆಯ ದಾರಿ ಅರ್ಧ ಸವೆದ ಮೇಲೆ ನನಗೆ ಲೆಕ್ಕ ತಿಳಿಯಿತು. ಕೂದಲಿನ ಬುಡ ಎಂದರೆ ಈ ತಿಂಗಳು. ಈ ತಿಂಗಳು ಪರೀಕ್ಷೆಯ ಪೇಪರು ತಿದ್ದುವ ಕೆಲಸವಿತ್ತು. ತಲೆಗೆ ಕೆಲಸ ಹೆಚ್ಚು ಎಂಬ ನೆಪದಲ್ಲಿ ನಾನು ಶನಿವಾರ ಒಂದೇ ಅಲ್ಲ, ದಿನಾಲೂ ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿದ್ದೆ. ವಾರಕ್ಕೊಮ್ಮೆ ತಿಂದ ಐದು ಒಳ್ಳೆಯ ತಿಂಗಳನ್ನು ಕತ್ತರಿಸಿ ನೆಲಕ್ಕೆ ಚೆಲ್ಲಿ, ದಿನಾಲೂ ತಿಂದ ಒಂದು ಕೆಟ್ಟ ತಿಂಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೊರಟಿದ್ದೆ.

ಬಾಗಿಲಲ್ಲೇ ಸುನೀತಾ ಸಿಕ್ಕಳು.

“ಕಾಕಾ, ಇದೇನ್ರಿ?”

“ಸೆಕಿ ಭಾಳಾತವಾ. ಇಷ್ಟ ಸಣ್ಣ ಕೂದಲಾ ನಿನಗ ಉಪಯೋಗ ಬೀಳೂದಿಲ್ಲ ಅಲ್ಲ?” ಎಂದು ಆಸೆಯಿಂದ ಕೇಳಿದೆ. ಡಿಸೆಂಬರ್ ತಿಂಗಳು.

“ಭಾಳಾತ್ರಿ ಕಾಕಾ. ಒಂದ ತಿಂಗಳಿಂದ ಇದ್ರೂ ಸಾಕು,” ಎಂದು ಆಕೆ ಅಲ್ಲೇ ಕತ್ತರಿ ತಂದು, ಹಿಂದಲೆಯಲ್ಲಿ ಬುಡಕ್ಕೆ ಕತ್ತರಿಸಿ, ಬೆಳ್ಳಿ ಹಾಳೆಯಲ್ಲಿ ಮಡಚಿ, ಮೇಲೆ ‘ಮನುಷ್ಯ, ಜೋಳ’ ಎಂದು ಬರೆದು ಟ್ರಂಕಿನಲ್ಲಿಟ್ಟಳು. ಪಕ್ಕದಲ್ಲೇ ‘ಎಮ್ಮೆ, ಜೋಳ’ ಇತ್ತು.

ಇನ್ನು ಉಳಿದದ್ದು ಒಂದೇ ಹಾದಿ. ಪೊಟ್ಟಣ ಬದಲಿಸುವುದು.

ರವಿವಾರ ಸುನೀತಾ ಕೊನೆಯ ಸಲ ಹರಳು ಆರಿಸಲು ತೊರಗಲ್ಲಿಗೆ ಹೋದಳು. ನೀಲವ್ವ ಹಪ್ಪಳ ಲಟ್ಟಿಸಲು ಪಕ್ಕದ ಮನೆಗೆ ಹೋದಳು. ನನಗೆ ಬೇಕಾದದ್ದು ನಿಜವಾಗಿ ಬರೀ ಜೋಳ ಉಂಡ, ಸಿಹಿ ಮುಟ್ಟದ ಮನುಷ್ಯರ ಕೂದಲು. ಊರೆಲ್ಲ ಹುಡುಕುವ ಅಗತ್ಯವಿರಲಿಲ್ಲ. ಅಂಥವಳು ನಮ್ಮ ಮನೆಯಲ್ಲೇ ಇದ್ದಳು.

ನಮ್ಮ ಕಡೆ ಹೆಣ್ಣುಮಕ್ಕಳು ಹಣಿಗೆಗೆ ಬಂದ ಕೂದಲನ್ನು ಚೆಲ್ಲುವುದಿಲ್ಲ. ಉಂಡೆ ಮಾಡಿ ಬಚ್ಚಲ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಾರೆ. ಕೂದಲು ಕೊಳ್ಳುವವಳು ಓಣಿಗೆ ಬಂದಾಗ ಅದನ್ನು ಕೊಟ್ಟು ಸ್ಟೀಲಿನ ಬಟ್ಟಲೋ ಚಮಚವೋ ತೆಗೆದುಕೊಳ್ಳುತ್ತಾರೆ. ನೀಲವ್ವನ ಉಂಡೆಯೂ ಗೂಡಿನಲ್ಲಿತ್ತು, ಒಂದು ಒಗ್ಗರಣೆ ಸೌಟಿನ ಕನಸು ಕಾಣುತ್ತ. ಅದರಿಂದ ಒಂದು ಎಳೆ ಜಗ್ಗಿದೆ. ಉಂಡೆ ಪೂರ್ತಿ ಬಂತು. ಬಿಡಿಸಿ, ಸ್ಕೇಲು ಇಟ್ಟು ಅಳೆದು, ಒಂದೊಂದು ಸೆಂಟಿಮೀಟರಿಗೆ ಕತ್ತರಿಸಿದೆ. ಸುನೀತಾಳ ಪೊಟ್ಟಣ ಬಿಚ್ಚಿದೆ.

ಫ್ಯಾನು ತಿರುಗುತ್ತಿತ್ತು. ಅದನ್ನು ಯಾಕೆ ಹಾಕಿದ್ದೆನೋ ದೇವರೇ ಬಲ್ಲ. ಬಹುಶಃ ಡಿಸೆಂಬರಿನ ಸೆಕೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗಂಡನ ಕೂದಲು, ಹೆಂಡತಿಯ ಕೂದಲು ಎರಡೂ ಸೇರಿ ಕೋಣೆಯ ತುಂಬ ಹಾರಾಡಿದವು. ಬೆಳ್ಳಿ ಹಾಳೆ ಹರಿಯಿತು. ನಾನು ಸೀನಿದೆ. ಉಳಿದವೂ ಹಾರಿದವು. ಫ್ಯಾನು ಆರಿಸಿ, ನೆಲ ಗುಡಿಸಿ, ಉಂಡೆಯಿಂದ ಮತ್ತೊಮ್ಮೆ ಎಳೆ ತೆಗೆದು ಕತ್ತರಿಸಿ, ಹೊಸ ಹಾಳೆ ಹರಿದು ಮಡಚಿ, ಸುನೀತಾಳ ಅಕ್ಷರದಂತೆಯೇ ‘ಮನುಷ್ಯ, ಜೋಳ’ ಎಂದು ಬರೆದೆ. ಕಾಪಿ ಹೊಡೆಯುವವರನ್ನು ವರ್ಷಗಟ್ಟಲೆ ಹಿಡಿದ ಕೈ ಅದು. ನಡುಗಲೇ ಇಲ್ಲ.

ಸೋಮವಾರ ಸುನೀತಾ ಟ್ರಂಕು ಹೊತ್ತು ಬಸ್ಸು ಹತ್ತಿದಳು. ನಾನು ಕೈ ಬೀಸಿ ಕಳಿಸಿದೆ. ಆ ಶನಿವಾರ ಸಂತೋಷಕ್ಕೆ ಕುಂದಾ ಎರಡು ಪಾಲು ತಿಂದೆ.

ನಾಲ್ಕು ತಿಂಗಳ ಮೇಲೆ ಆಕೆ ತಿರುಗಿ ಬಂದಳು. ಈ ಸಲ ಟ್ರಂಕಿರಲಿಲ್ಲ, ಒಂದು ಫೈಲಿತ್ತು. ಮುಖ ಬಾಡಿತ್ತು. ನೀಲವ್ವ ಚಹಾ ಇಟ್ಟು, ಸೆರಗು ಸರಿಮಾಡಿಕೊಂಡು ಎದುರಿಗೆ ಕುಳಿತಳು. ಪರೀಕ್ಷೆಯ ಫಲಿತಾಂಶ ಕೇಳಲು ಕುಳಿತಂತೆ ಇಬ್ಬರೂ ಕುಳಿತೆವು. ನನಗೆ ಫಲಿತಾಂಶ ಮೊದಲೇ ಗೊತ್ತಿತ್ತು, ಆದ್ದರಿಂದ ಕಾಲು ಮೇಲೆ ಕಾಲು ಹಾಕಿದ್ದೆ.

“ಹೆಂಗ ಹೇಳಬೇಕೋ ತಿಳೀವಲ್ತ್ರಿ ಕಾಕು,” ಎಂದು ಸುನೀತಾ ಫೈಲು ತೆರೆದಳು. “ಕಾಕಾರ ಕೂದಲಾಗ ಜೋಳ ಅರ್ಧಕ್ಕಿಂತ ಕಡಿಮಿ ಐತ್ರಿ. ಹೆಚ್ಚಿಗಿ ಅನ್ನ. ನಾಲ್ಕ ಸಲ ಸುಟ್ಟ ನೋಡೇನಿ. ಮಷೀನ ಕೆಟ್ಟೈತೇನೋ ಅಂತ ಎರಡ ವಾರ ಬಿಚ್ಚಿ ಜೋಡಿಸಿದ್ವಿ. ಮಷೀನ ಸರಿ ಐತಿ. ಕಾಕಾ ದಿನಾ ಅನ್ನ ಉಂಡಾರ.”

ಅನ್ನ! ನಾನು ಮಾಡಿದ ಪಾಪಗಳ ಪಟ್ಟಿ ಉದ್ದವಿದೆ, ಅದರಲ್ಲಿ ಅನ್ನ ಇಲ್ಲ. “ಸುಳ್ಳು,” ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಯಂತ್ರ ಸುಟ್ಟದ್ದು ನನ್ನ ಕೂದಲನ್ನಲ್ಲ.

ನೀಲವ್ವನ ಕಡೆ ನೋಡಿದೆ. ಆಕೆ ನೆಲ ನೋಡುತ್ತಿದ್ದಳು. ಕಿತ್ತೂರಿನ ಕಡೆಯ ಹೆಣ್ಣುಮಗಳು. ಎರಡು ವರ್ಷ ನನ್ನ ಎದುರು ರೊಟ್ಟಿ ಮುರಿದವಳು. ನನಗೆ ಒಮ್ಮೆಲೇ ಎಲ್ಲ ತಿಳಿಯಿತು, ಮತ್ತು ಬಹಳ ಕೆಡುಕೆನಿಸಿತು. ಈಗ ಸತ್ಯ ಹೇಳಿದರೆ ನನ್ನ ಹೆಸರು ಉಳಿಯುತ್ತದೆ, ಆಕೆಯದು ಹೋಗುತ್ತದೆ. ನಾನು ಜೀವನದಲ್ಲಿ ಮೊದಲ ಬಾರಿ ಒಂದು ದೊಡ್ಡ ಕೆಲಸ ಮಾಡಲು ನಿರ್ಧರಿಸಿದೆ.

“ಹೌದವಾ,” ಎಂದೆ, ಎದೆ ಮುಂದೆ ಮಾಡಿ. “ನಾನ ಉಂಡೇನಿ. ಹೋಟೆಲಿನಾಗ. ದಿನಾ.”

ನೀಲವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಆಶ್ಚರ್ಯವಿತ್ತು ಆ ಮುಖದಲ್ಲಿ.

“ಆದ್ರ ಒಂದ ಮಾತ ಬಗೀಹರಿವಲ್ದು,” ಎಂದಳು ಸುನೀತಾ. “ಕಾಕಾರ ತಲಿ ಅರ್ಧಕ್ಕರ್ಧ ಬೆಳ್ಳಗೈತಿ. ಪೊಟ್ಟಣದಾಗ ಒಂದ ಎಳಿ ಸುದ್ಧಾ ಬೆಳ್ಳಗಿರಲಿಲ್ಲ. ಎಲ್ಲಾ ಕರ್ರಗ, ಉದ್ದನ ಕೂದಲದ ತುಂಡು ಇದ್ದಂಗ ಇದ್ದವು.”

ನೀಲವ್ವ ನನ್ನ ತಲೆ ನೋಡಿದಳು. ಆಮೇಲೆ ಬಚ್ಚಲ ಕಡೆ ನೋಡಿದಳು.

“ರೀ, ನನ್ನ ಕೂದಲದ ಉಂಡಿ ಅರ್ಧ ಆಗಿತ್ತು. ಇಲಿ ಒಯ್ದಾವಂತ ಬೈಕೊಂಡಿದ್ದೆ. ನೀವ ತಗೊಂಡಿದ್ರೇನು?”

“ಹೂಂ,” ಎಂದೆ.

ಆಕೆ ಸುನೀತಾಳ ಕಡೆ ತಿರುಗಿದಳು. “ಹಂಗಾದ್ರ ಅನ್ನ ಉಂಡಾಕಿ ನಾನ, ಸುನೀತಾ. ಬರ್ಕೋ,” ಎಂದಳು. ದನಿ ಏರಲಿಲ್ಲ. “ಇವರು ಸಾಲಿಗೆ ಹೋದ ಮ್ಯಾಲೆ ಎರಡ ಮುಷ್ಟಿ ಅಕ್ಕಿ ಹಾಕತಿದ್ದೆ. ಹುಟ್ಟಿದಾಗಿಂದ ಉಂಡ ಬೆಳದಾಕಿ, ಬಿಡಾಕಾಗ್ಲಿಲ್ಲ. ಇವರ ಮುಂದ ಉಂಡ್ರ ಇವರಿಗೆ ಆಸಿ ಆಗತೈತಿ, ಕಾಯಿಲೆ ಮನಷ್ಯಾ, ಬ್ಯಾಡ ಅಂತ ಮುಚ್ಚಿ ಉಂಡೆ.”

ನನಗೆ ತಲೆ ಎತ್ತಲಾಗಲಿಲ್ಲ. ಆಕೆ ಕದ್ದು ಉಂಡದ್ದು ನನ್ನ ಸಲುವಾಗಿ. ನಾನು ಕದ್ದು ತಿಂದದ್ದು ನನ್ನ ಸಲುವಾಗಿ.

“ಅದಿರ್ಲಿ. ನಿಮ್ಮ ಕೂದಲಾ ಪೊಟ್ಟಣದಾಗಿಂದ ಯಾಕ ತಗದ್ರಿ ನೀವು?”

ಇನ್ನು ಮುಚ್ಚಲು ಏನೂ ಉಳಿದಿರಲಿಲ್ಲ. ಬಸ್‌ಸ್ಟ್ಯಾಂಡು, ಶನಿವಾರ, ಕುಂದಾ, ಪರೀಕ್ಷೆಯ ತಿಂಗಳು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಬೆವತೆ. ಮುಗಿದಾಗ ಸುನೀತಾ ಫೈಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ಕಾಕಾ, ಸಕ್ಕರಿ ಎದರಿಂದ ಮಾಡತಾರ್ರಿ?”

“ಕಬ್ಬಿಂದ.”

“ಕಬ್ಬೂ ಜೋಳದ ಗುಂಪಿಂದರಿ. ಅವತ್ತ ಅದನ್ನ ಹೇಳಾಕ ಬಂದಿದ್ದೆ, ನೀವು ಗೊತ್ತೈತಿ ಬಿಡವಾ ಅಂದ್ರಿ. ಇನ್ನ ಕುಂದಾದ ಹಾಲು ಎಮ್ಮಿದು. ಎಮ್ಮಿ ತಿಂದದ್ದು ಜೋಳದ ಕಣಿಕಿ. ನೀವು ಬುಟ್ಟಿಗಟ್ಟಲೆ ಕುಂದಾ ತಿಂದಿದ್ರೂ ಮಷೀನ ನೋಡಿ ಏನಂತಿತ್ತು ಗೊತ್ತೈತೇನ್ರಿ? ಎಂಥಾ ಚೊಲೋ ಜೋಳದ ಮನಷ್ಯಾ ಅಂತಿತ್ತು. ನಿಮ್ಮ ಕೂದಲಾ ನೀವ ಕೊಟ್ಟಿದ್ರ ನನಗ ಅಳತಿಗೋಲು ಸಿಗತಿತ್ತು.”

ನಾನು ಅಲ್ಲೇ ಗೋಡೆಗೆ ಒರಗಿದೆ. ಸುಮ್ಮನೆ ಕುಳಿತಿದ್ದರೆ ಸಾಕಿತ್ತು! ಒಂದು ಕ್ಷೌರ, ಒಂದು ಕಳವು, ಒಂದು ಖೊಟ್ಟಿ ಬರಹ, ಒಂದು ಸುಳ್ಳು ತ್ಯಾಗ, ಯಾವುದೂ ಬೇಕಿರಲಿಲ್ಲ. ಒಂದು ಹುಡುಗಿಯ ಎರಡು ವಾರ ಹಾಳು ಮಾಡಿ, ಹೆಂಡತಿಯ ಎರಡು ಮುಷ್ಟಿ ಅನ್ನವನ್ನು ಬಯಲಿಗೆ ತಂದು, ಯಂತ್ರ ಹೇಳಲಾರದಿದ್ದ ಸುದ್ದಿಯನ್ನು ನಾನೇ ಬಾಯಿಂದ ಹೇಳಿದ್ದೆ. ನೀಲವ್ವನಿಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

“ನನಗ ಗೊತ್ತಿತ್ತು,” ಎಂದಳು ನೀಲವ್ವ.

“ಯಾರ ಹೇಳಿದ್ರು?”

“ಯಾರ ಹೇಳಬೇಕ್ರಿ? ಎರಡ ವರ್ಷ ನಿಮ್ಮ ಅಂಗಿ ಒಗೀತೇನಿ. ಶನಿವಾರದ ಅಂಗಿ ಬುಟ್ಟಿಗೆ ಹಾಕಿದ್ರ ಕಿಸೆ ತುಂಬ ಇರಿವಿ. ಬ್ಯಾರೆ ಯಾವ ದಿನದ ಅಂಗಿಗೂ ಇಲ್ಲ. ಪರೀಕ್ಷಾದ ತಿಂಗಳದಾಗ ದಿನಾ ಇರಿವಿ ಬಂದ್ವು.”

ಸುನೀತಾ ನಗು ನಿಲ್ಲಿಸಿದಳು. ನಾನು ಕೇಳಿದೆ, “ಮತ್ತ ನನ್ನ ಹೆಸರ ಯಾಕ ಕೊಟ್ಟಿ? ಸಕ್ಕರಿ ಮುಟ್ಟಿಲ್ಲ ಅಂತ ನೀನ ಹೇಳಿದಿಯಲ್ಲ?”

“ಹೆಂಡ್ತಿ ಹೇಳಿದ್ರ ನೀವು ಎಲ್ಲಿ ಕೇಳತೀರಿ? ವಿಜ್ಞಾನದವ್ರು ನೀವು. ಮಷೀನ ಹೇಳತೈತಿ ಅಂದ್ರರ ಹೆದರಿ ಬಿಡತೀರಂತ ಕೊಟ್ಟೆ,” ಎಂದಳು. ಆಮೇಲೆ ಚಹಾದ ಕಪ್ಪುಗಳನ್ನು ಎತ್ತಿಡುತ್ತ ಹೇಳಿದಳು. “ಪ್ರತಿ ಶನಿವಾರ ಆ ಇರಿವಿ ಝಾಡಿಸುಮುಂದ ನಮ್ಮಪ್ಪನ ಕಾಲ ನೆನಪಾಗತೈತ್ರಿ. ನಿಮಗೇನ ಗೊತ್ತು.”

ನನಗೆ ಗೊತ್ತಿರಲಿಲ್ಲ. ಆದರೆ ಈ ಸಲ ಗೊತ್ತೈತಿ ಎನ್ನಲಿಲ್ಲ.

ಸುನೀತಾಳ ಕೆಲಸ ನಿಲ್ಲಲಿಲ್ಲ, ದೇವರು ದೊಡ್ಡವನು. ಮರುವರ್ಷ ಆಕೆ ಕಳಿಸಿದ ದಪ್ಪ ಪುಸ್ತಕದಲ್ಲಿ ನಮ್ಮ ನಾಡಿನ ಜೋಳದ ಅಳತೆಗೋಲು ಯಾರು ಎಂದು ಅಚ್ಚಾಗಿದೆ. ದೊಡವಾಡದ ಎಮ್ಮೆ. ನನಗೆ ಬರಬೇಕಿದ್ದ ಸ್ಥಾನ ಒಂದು ಬಾಲಕ್ಕೆ ಹೋಯಿತು. ಹೆಡ್‌ಮಾಸ್ತರರು ಇವತ್ತಿಗೂ, ನಿಮ್ಮ ತಲೆ ಏನಾಯಿತು ಎಂದು ಕೇಳುತ್ತಾರೆ.

ಈಗ ನಮ್ಮ ಮನೆಯಲ್ಲಿ ನೀಲವ್ವನಿಗೆ ಅನ್ನ ಬಾಗಿಲು ತೆರೆದೇ ಆಗುತ್ತದೆ. ನಾನು ಎದುರು ಕುಳಿತು ರೊಟ್ಟಿ ಮುರಿಯುತ್ತೇನೆ. ಬಸ್‌ಸ್ಟ್ಯಾಂಡಿನ ಹಿಂದಿನ ದಾರಿ ಬಿಟ್ಟಿದ್ದೇನೆ. ಆದರೆ ನನ್ನ ಮಾತನ್ನು ಪ್ರಮಾಣವೆಂದು ಒಪ್ಪುವ ಪದ್ಧತಿ ಮನೆಯಲ್ಲಿ ನಿಂತುಹೋಗಿದೆ. ಶನಿವಾರ ಮಧ್ಯಾಹ್ನ ನೀಲವ್ವ ನನ್ನ ಅಂಗಿಯನ್ನು ನೆನೆಹಾಕುವ ಮೊದಲು ಹಿತ್ತಲ ಕಲ್ಲಿನ ಮೇಲೆ, ಇರುವೆ ಸಾಲಿನ ಪಕ್ಕ ಹರಡುತ್ತಾಳೆ. ಐದು ನಿಮಿಷ ಕಾಯುತ್ತಾಳೆ. ನಾನೂ ಪಕ್ಕದಲ್ಲಿ ನಿಲ್ಲಬೇಕು.

ಮೊನ್ನೆ ಒಂದು ಇರುವೆ ಸಾಲು ಬಿಟ್ಟು ಅಂಗಿಯ ಮೇಲೆ ಹತ್ತಿತು. ಕಿಸೆಯ ಅಂಚಿಗೆ ಬಂದು ಮೀಸೆ ಆಡಿಸುತ್ತ ನಿಂತಿತು. ನೀಲವ್ವ ಬಗ್ಗಿ ನೋಡಿದಳು.

“ಬರೇ ಚಾಕ್‌ಪೀಸ್ ಐತಿ ಅದರಾಗ, ಆಣಿ ಮಾಡಿ ಹೇಳತೇನಿ,” ಎಂದೆ.

“ನಿಮ್ಮನ್ನ ಯಾರ ಕೇಳ್ಯಾರ್ರಿ? ಸುಮ್ನಿರ್ರಿ. ಇರಿವಿ ಹೇಳ್ಲಿ,” ಎಂದಳು.

ಇಪ್ಪತ್ತೆರಡು ವರ್ಷದ ವಿಜ್ಞಾನದ ಮಾಸ್ತರನಾದ ನಾನು ಕೈಕಟ್ಟಿ ನಿಂತು ಫಲಿತಾಂಶಕ್ಕೆ ಕಾದೆ.